ನೊಗ ಇಳಿಸುವ ದಿನ: ಬಿಡುವಿಗೂ ಒಂದು ಇತಿಹಾಸ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣಾ ನದಿಯ ದಂಡೆಯ ಊರು. ವೀರಭದ್ರ ದೇವರ ಕ್ಷೇತ್ರವೆಂದು ಹೆಸರಾದದ್ದು. ಈ ಸೀಮೆಯ ಒಕ್ಕಲುತನದಲ್ಲಿ, ಉತ್ತರ ಕರ್ನಾಟಕದ ಇನ್ನೂ ಎಷ್ಟೋ ಹಳ್ಳಿಗಳಲ್ಲಿ ಇರುವಂತೆ, ಹಳೆಯ ಕಟ್ಟಳೆಯೊಂದಿದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಎಷ್ಟೇ ಅವಸರದ್ದಾಗಿರಲಿ, ಆ ದಿನ ಎತ್ತಿನ ಮೈ ತೊಳೆಯಬೇಕು, ಗೊರಸು ನೋಡಬೇಕು, ಲಾಳ ಸವೆದಿದ್ದರೆ ಹೊಡೆಸಬೇಕು. ಬಿಡುವೆಂದರೆ ಸುಮ್ಮನೆ ಬಿದ್ದಿರುವುದಲ್ಲ, ಮರುದಿನದ ದುಡಿಮೆಗೆ ಮೈಯನ್ನು ಸಜ್ಜುಗೊಳಿಸುವುದು ಎಂಬ ತಿಳಿವಳಿಕೆ ಈ ಕಟ್ಟಳೆಯಲ್ಲಿದೆ.

ಇದೇ ತಿಳಿವಳಿಕೆಯನ್ನು ಯೂರೋಪಿನ ಸೈಕಲ್ ಸ್ಪರ್ಧೆಗಳೂ ಕಂಡುಕೊಂಡವು. ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ನಡೆಯುವ ‘ಟೂರ್ ಡಿ ಫ್ರಾನ್ಸ್’ ಜಗತ್ತಿನ ಅತಿ ದೊಡ್ಡ ಸೈಕಲ್ ಸ್ಪರ್ಧೆ. 23 ದಿನಗಳಲ್ಲಿ 21 ಹಂತಗಳು, ಉಳಿದ ಎರಡು ದಿನ ಬಿಡುವು. ಈ ಬಿಡುವು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಬೀಳುವುದು ಸೋಮವಾರವೇ! ಅಲ್ಲಿ ಕಾರಣ ದೇವರಲ್ಲ, ಪ್ರೇಕ್ಷಕರು. ಶನಿವಾರ, ಭಾನುವಾರ ಜನ ರಸ್ತೆಯ ಬದಿಗೆ, ಟಿ.ವಿ. ಮುಂದೆ ಸೇರುತ್ತಾರೆ, ಆ ದಿನಗಳಲ್ಲಿ ಓಟ ನಿಲ್ಲುವಂತಿಲ್ಲ. 2025ರಲ್ಲಿ ಮೊದಲ ಬಿಡುವು ಮಂಗಳವಾರಕ್ಕೆ ಹೋಯಿತು. ಸೋಮವಾರ ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ದಿನ, ಊರಿಗೆ ಊರೇ ರಜೆಯಲ್ಲಿರುವ ದಿನ.

ಈ ಬಿಡುವು ಬಂದದ್ದು ಹೇಗೆ ಎಂದು ತಿಳಿಯಲು 1903ಕ್ಕೆ ಹೋಗಬೇಕು. ಪ್ಯಾರಿಸಿನ ‘ಲೋಟೋ’ ಎಂಬ ಕ್ರೀಡಾ ಪತ್ರಿಕೆಗೆ ಪ್ರತಿಸ್ಪರ್ಧಿ ಪತ್ರಿಕೆಯನ್ನು ಹಿಂದಿಕ್ಕಬೇಕಿತ್ತು. ಅದರ ಸಂಪಾದಕ ಆನ್ರಿ ದೆಗ್ರಾಂಜ್ ಪ್ರಸಾರ ಹೆಚ್ಚಿಸಲು ದೇಶ ಸುತ್ತುವ ಸ್ಪರ್ಧೆಯೊಂದನ್ನು ಏರ್ಪಡಿಸಿದ. ಜುಲೈ 1ರಿಂದ 19ರವರೆಗೆ ನಡೆದ ಆ ಮೊದಲ ಓಟದಲ್ಲಿ ಇದ್ದದ್ದು ಆರೇ ಹಂತ, ಒಟ್ಟು 2,428 ಕಿ.ಮೀ. ಪ್ಯಾರಿಸಿನ ಹೊರವಲಯದಿಂದ ಲಿಯೋಂವರೆಗಿನ ಮೊದಲ ಹಂತವೇ 467 ಕಿ.ಮೀ. ಬೆಳಗಾವಿಯಿಂದ ಬೆಂಗಳೂರಿಗೆ ಇರುವ ದೂರಕ್ಕಿಂತ ತುಸು ಕಡಿಮೆ ಎಂದರೆ ಓದುಗರಿಗೆ ಅಂದಾಜು ಸಿಕ್ಕೀತು. ಅದನ್ನು ಗೆದ್ದ ಮೋರಿಸ್ ಗಾರಾಂ ರಾತ್ರಿಯಿಡೀ ತುಳಿದು ಹದಿನೇಳೂಮುಕ್ಕಾಲು ಗಂಟೆಯಲ್ಲಿ ಗುರಿ ಮುಟ್ಟಿದ. ಹೊರಟ 60 ಮಂದಿಯಲ್ಲಿ ಕೊನೆ ಮುಟ್ಟಿದವರು 21. ಒಟ್ಟಾರೆ ಗೆಲುವೂ ಗಾರಾಂನದೇ.

ಇಂಥ ಒಂದು ಹಂತದ ಬಳಿಕ ಮರುದಿನ ಸೈಕಲ್ ಏರುವುದು ಹೆಚ್ಚಿನವರಿಗೆ ಆಗದ ಮಾತು. ಆದ್ದರಿಂದ ಹಂತಗಳ ನಡುವೆ ಹಲವು ದಿನಗಳ ಅಂತರ ಇಡಲಾಗಿತ್ತು. ಲೆಕ್ಕ ಹಾಕಿದರೆ ಮೊದಲ ಸ್ಪರ್ಧೆಯಲ್ಲಿ ಓಟಕ್ಕಿಂತ ಬಿಡುವೇ ಹೆಚ್ಚು. ಮುಂದೆ ಒಂದು ದಿನ ಓಟ, ಒಂದು ದಿನ ವಿಶ್ರಾಂತಿ ಎಂಬ ಕ್ರಮ ನೆಲೆಯಾಯಿತು. 1919ರಲ್ಲಿ 15 ಹಂತಗಳಲ್ಲಿ 5,560 ಕಿ.ಮೀ. ಕ್ರಮಿಸಬೇಕಿತ್ತು. ಹಂತಗಳು ಎಷ್ಟೋ ಸಲ ನಡುರಾತ್ರಿಯಲ್ಲೇ ಆರಂಭವಾಗುತ್ತಿದ್ದವು. ಹೀಗಾಗಿ ಆ ಬಿಡುವು ಉದಾರತೆಯಿಂದ ಬಂದದ್ದೆನ್ನಲಾಗದು. ಮಿತಿಮೀರಿದ ದುಡಿಮೆಗೆ ಕೊಟ್ಟ ತೇಪೆ ಅದು.

ಆ ದುಡಿಮೆಯ ಸ್ವರೂಪ ಹೊರಗೆ ಬಂದದ್ದು 1924ರಲ್ಲಿ. ಹಿಂದಿನ ವರ್ಷದ ವಿಜೇತ ಆನ್ರಿ ಪೆಲಿಸಿಯೇ ಚಳಿಗೆ ತೊಟ್ಟ ಹೆಚ್ಚುವರಿ ಅಂಗಿಯನ್ನು ದಾರಿಯಲ್ಲಿ ತೆಗೆದುಹಾಕಿದನೆಂಬ ವಿಷಯಕ್ಕೆ ಸಂಘಟಕರೊಡನೆ ಜಗಳವಾಯಿತು. ತೊಟ್ಟು ಹೊರಟದ್ದನ್ನೆಲ್ಲ ತೊಟ್ಟೇ ಮುಗಿಸಬೇಕೆಂಬುದು ನಿಯಮ. ಆತ, ತಮ್ಮ ಫ್ರಾನ್ಸಿಸ್ ಮತ್ತು ಜೊತೆಗಾರನೊಬ್ಬ ಕೂತಾನ್ಸ್ ಎಂಬ ಊರಿನಲ್ಲಿ ಓಟ ಬಿಟ್ಟು ಕೂತರು. ಅವರನ್ನು ಹುಡುಕಿ ಹೋದ ಪತ್ರಕರ್ತ ಆಲ್ಬೆರ್ ಲೋಂದ್ರ್‌ಗೆ ಸಹೋದರರು ತಮ್ಮ ಚೀಲ ಬಿಚ್ಚಿ ತೋರಿಸಿದರು. ಅದರಲ್ಲಿದ್ದವು ಕೊಕೇನು, ಕ್ಲೋರೋಫಾರಂ, ಗುಳಿಗೆಗಳು. ಕೆರಳಿಸಿದೆವೆಂದು ಫ್ರಾನ್ಸಿಸ್ ಆಮೇಲೆ ಹೇಳಿದ್ದುಂಟು. ಆದರೆ ಮೈ ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆ ಅಂದು ಎದ್ದದ್ದು ಮತ್ತೆ ಮಲಗಲಿಲ್ಲ.

1927ರ ಹೊತ್ತಿಗೆ ಹಂತಗಳು ಚಿಕ್ಕವಾಗಿ ಅವುಗಳ ಸಂಖ್ಯೆ 24ಕ್ಕೆ ಏರಿತು, ಬಿಡುವಿನ ದಿನಗಳು ಇಳಿದವು. ಮುಂದೆ ಇನ್ನೊಂದು ಪದ್ಧತಿ ಬಂತು. ಒಂದೇ ದಿನದಲ್ಲಿ ಎರಡು ಹಂತ ನಡೆಸುವುದು! ಎರಡು ಊರುಗಳಿಂದ ಆತಿಥ್ಯದ ಹಣ ಸಿಗುತ್ತಿತ್ತು. ಅದರ ಭಾರ ಬಿದ್ದದ್ದು ಸವಾರರ ನಿದ್ದೆಯ ಮೇಲೆ. 1978ರ ಜುಲೈ 12ರಂದು, ಹಿಂದಿನ ದಿನ ಬೆಟ್ಟದ ಹಂತ ಮುಗಿಸಿ ತಡವಾಗಿ ಮಲಗಿದ್ದವರನ್ನು ನಸುಕಿನಲ್ಲೇ ಎಬ್ಬಿಸಲಾಯಿತು. ಅವರು ದಾರಿಯುದ್ದಕ್ಕೂ ನಿಧಾನ ತುಳಿದರು. ವಲಾನ್ಸ್ ದಾಜಾಂ ಎಂಬ ಊರು ಬಂದಾಗ ಸೈಕಲ್ಲಿನಿಂದ ಇಳಿದು, ಸೈಕಲ್ ತಳ್ಳಿಕೊಂಡು ಗುರಿಗೆರೆಯತ್ತ ನಡೆದರು. ಮುಂಚೂಣಿಯಲ್ಲಿ ಇದ್ದವನು ಮೊದಲ ಸಲ ಈ ಸ್ಪರ್ಧೆಗೆ ಬಂದಿದ್ದ ಬೆರ್ನಾರ್ ಇನೋ. ಹಂತ ರದ್ದಾಯಿತು. ಆ ವರ್ಷ ಗೆದ್ದವನೂ ಅವನೇ. ಕಾಲಕ್ರಮೇಣ ಹಂತ ಒಡೆಯುವ ಪದ್ಧತಿ ನಿಂತುಹೋಯಿತು.

ಇಂದಿನ ಬಿಡುವಿನ ದಿನವೂ ಸವಾರರು ಒಂದೆರಡು ಗಂಟೆ ಹಗುರವಾಗಿ ಸೈಕಲ್ ತುಳಿಯುತ್ತಾರೆ. ದಿನವೂ ದುಡಿದ ಮೈ ಒಮ್ಮೆಲೇ ನಿಂತರೆ ಮರುದಿನ ಕಾಲು ಭಾರವಾಗುತ್ತದೆಂಬುದು ಅವರ ಅನುಭವ. ಮಿಕ್ಕಂತೆ ಅಂಗಮರ್ದನ, ಊಟ, ನಿದ್ದೆ. ಬಿಡುವಿಲ್ಲದವರು ಓಟದ ಹಿಂದೆ ಹೋಗುವ ವರದಿಗಾರರು. ತಂಡಗಳ ಪತ್ರಿಕಾಗೋಷ್ಠಿ ನಡೆಯುವುದೇ ಅಂದು. 2007ರ ಜುಲೈ 24 ಹಾಗೆಯೇ ಬಿಡುವಿನ ದಿನ. ಕಜಾಕಸ್ತಾನದ ಅಲೆಕ್ಸಾಂಡರ್ ವಿನೊಕುರೊವ್ ಬೇರೆಯವರ ರಕ್ತ ಏರಿಸಿಕೊಂಡಿದ್ದಾನೆಂದು ಪರೀಕ್ಷೆ ಹೇಳಿದ ಸುದ್ದಿ ಅಂದೇ ಹೊರಬಿತ್ತು. ಅವನ ತಂಡವೇ ಓಟದಿಂದ ಹೊರನಡೆಯಿತು. ದಣಿವನ್ನು ವಿಶ್ರಾಂತಿಯಿಂದ ನೀಗಿಸುವ ಬದಲು ಕಳ್ಳದಾರಿಯಿಂದ ನೀಗಿಸುವ ಹಳೆಯ ಕತೆ ಮುಗಿದಿರಲಿಲ್ಲ.

ನಮ್ಮ ಕಡೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ, ಕುದುರೆ ಗಾಡಿಗಳ ಜೊತೆಗೆ ಸೈಕಲ್ ಶರ್ಯತ್ತೂ ಇರುತ್ತದೆ. ಅದು ಒಂದೇ ದಿನದ ಪಂದ್ಯವಾದ್ದರಿಂದ ಬಿಡುವಿನ ಮಾತು ಅಲ್ಲಿ ಏಳುವುದಿಲ್ಲ. ಆದರೆ ನಮ್ಮ ನಾಡಿನ ಬಿಡುವಿನ ಇತಿಹಾಸಕ್ಕೂ ಒಬ್ಬ ಪತ್ರಿಕಾ ಸಂಪಾದಕನ ನಂಟಿದೆ ಎಂಬುದು ಗಮನಾರ್ಹ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ‘ದೀನಬಂಧು’ ಪತ್ರಿಕೆಯ ಸಂಪಾದಕ, ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಅವರು ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಒತ್ತಾಯಿಸಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ದೆಗ್ರಾಂಜ್ ದುಡಿಸಲು ಬಿಡುವು ಇಟ್ಟ, ಲೋಖಂಡೆ ದುಡಿಯುವವರ ಪರವಾಗಿ ಬಿಡುವು ಕೇಳಿದರು.

ಎತ್ತಿಗೆ ಸೋಮವಾರ, ಗಿರಣಿಗೆ ಭಾನುವಾರ, ಸೈಕಲ್ ಸವಾರರಿಗೆ ಎರಡು ದಿನ. ಹೀಗೆ ಬಿಡುವು ಒಂದೊಂದು ದಾರಿಯಲ್ಲಿ ಬಂದಿದೆ. ಹಂಗಾಮು ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗ್‌ಗಳು ಬೀಡು ಬಿಡುತ್ತವೆ. ಮುಂಗಡ ಹಣ ಪಡೆದು ಬಂದವರಿಗೆ ಕಡಿದ ಟನ್ನಿನ ಲೆಕ್ಕದಲ್ಲಿ ಕೂಲಿ. ಕೆಲಸ ನಿಂತ ದಿನ ಗಳಿಕೆಯೂ ನಿಲ್ಲುತ್ತದೆ. ಕಬ್ಬು ಹೇರಲು ಈಗ ಟ್ರ್ಯಾಕ್ಟರ್ ಇದೆ, ಅದಕ್ಕೆ ಸೋಮವಾರವಿಲ್ಲ. ಎತ್ತಿನ ಹೆಗಲಿನಿಂದ ವಾರಕ್ಕೊಮ್ಮೆ ನೊಗ ಇಳಿಸುವುದನ್ನು ಧರ್ಮವೆಂದು ತಿಳಿದ ಸೀಮೆ ಇದು. ಕುಡಗೋಲು ಹಿಡಿದವರ ವಾರ ಯಾವುದು ಎಂಬ ಪ್ರಶ್ನೆ ಇಲ್ಲಿ ಇನ್ನೂ ಉಳಿದಿದೆ.