ವೈರಸ್ಸು ಜೀವವೋ, ಅಜೀವವೋ?

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿರ್ಬಂಧಗಳು ಜಾರಿಯಾದಾಗ, ದಂಡಿನ ಪ್ರದೇಶದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ವ್ಯಾಪಾರ ಮಾಡುವ ನಮ್ಮ ಶ್ರಾವಕರಲ್ಲಿ ಒಂದು ಶಂಕೆ ಮೂಡಿತು. ಗಳಿಗೆಗೊಮ್ಮೆ ಸ್ಯಾನಿಟೈಸರ್ ಹಚ್ಚಿ ಕೈ ಉಜ್ಜಿಕೊಳ್ಳುವಾಗ ನಾವು ಘಾತ ಮಾಡುತ್ತಿರುವುದು ಜೀವವನ್ನೇ? “ವೈರಸ್ಸೆಂದರೆ ನಿಗೋದವೇ, ನಮ್ಮ ಆಚಾರ್ಯರು ಅದನ್ನು ಎಂದೋ ಹೇಳಿದ್ದಾರೆ” ಎಂದು ಹಲವರು ಸಮಾಧಾನಪಟ್ಟುಕೊಂಡರು. ಮಾತು ಕಿವಿಗೆ ಹಿತವೇನೋ ಹೌದು. ಆದರೆ ಅದು ಅವಸರದ ನಿರ್ಣಯವೆಂದು ನನ್ನ ಅಭಿಪ್ರಾಯ.

ಈ ಮಾರುಕಟ್ಟೆ ಕಟ್ಟಿದ್ದು 1927ರಲ್ಲಿ. ಅದಕ್ಕೂ ಮೊದಲು, 1898ರಲ್ಲಿ, ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬಂದ ಪ್ಲೇಗು ಬೆಂಗಳೂರನ್ನು ನಡುಗಿಸಿತ್ತು. ಪ್ಲೇಗಿನ ಕಾರಣ ಬ್ಯಾಕ್ಟೀರಿಯ. ಅದು ಆಹಾರ ಸ್ವೀಕರಿಸುತ್ತದೆ, ಬೆಳೆಯುತ್ತದೆ, ಸೀಳಿ ಎರಡಾಗುತ್ತದೆ. ಅದನ್ನು ಏಕೇಂದ್ರಿಯ ಜೀವವೆನ್ನಲು ಅಡ್ಡಿಯಿಲ್ಲ. ಅದೇ 1898ರಲ್ಲಿ ಹಾಲೆಂಡಿನ ಬೈಜೆರಿಂಕ್ ಎಂಬ ವಿಜ್ಞಾನಿ, ಹೊಗೆಸೊಪ್ಪಿನ ಎಲೆಗೆ ತಗಲುವ ರೋಗವೊಂದರ ಕಾರಣವು ಬ್ಯಾಕ್ಟೀರಿಯವಲ್ಲ, ಸಜೀವವಾದ ಸೋಂಕುದ್ರವವೆಂದು ಸಾರಿ, ಅದನ್ನು ವೈರಸ್ ಎಂದು ಕರೆದನು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನೇ ಹರಳುಗಟ್ಟಿಸಿದನು. ಸಕ್ಕರೆ, ಉಪ್ಪುಗಳಂತೆ ಸೀಸೆಯಲ್ಲಿ ತುಂಬಿಡಬಹುದಾದ ವಸ್ತು! ಆದರೂ ಕರಗಿಸಿ ಎಲೆಗೆ ಸವರಿದರೆ ರೋಗ ಮರುಕಳಿಸಿತು.

ಇನ್ನು ನಮ್ಮ ಶಾಸ್ತ್ರದ ಅಳತೆಗೋಲು. ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು. ಆ ಗ್ರಂಥದ ಪ್ರಕಾರ ಪರ್ಯಾಪ್ತನಾದ ಏಕೇಂದ್ರಿಯ ಜೀವಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂಬ ನಾಲ್ಕು ಪ್ರಾಣಗಳು. ನಿಗೋದದಲ್ಲಿಯೂ ಅನಂತ ಜೀವಗಳು ಒಂದೇ ಶರೀರದಲ್ಲಿದ್ದು ಆಹಾರವನ್ನೂ ಉಸಿರನ್ನೂ ಸಾಧಾರಣವಾಗಿ ಹಂಚಿಕೊಳ್ಳುತ್ತವೆ. ಜೀವಕೋಶದ ಹೊರಗಿರುವ ವೈರಸ್ಸಿಗೆ ಆಹಾರವೂ ಇಲ್ಲ, ಉಸಿರೂ ಇಲ್ಲ. ಉಸಿರಿನ ಪರ್ಯಾಪ್ತಿ ಮುಗಿಯುವ ಮೊದಲೇ ಸಾಯುವ ಲಬ್ಧ್ಯಪರ್ಯಾಪ್ತ ಜೀವವೆನ್ನೋಣವೇ? ಅದರ ಆಯು ಒಂದು ಉಸಿರಿನ ಹದಿನೆಂಟನೆಯ ಒಂದು ಭಾಗ ಮಾತ್ರ. ಹೊಗೆಸೊಪ್ಪಿನ ವೈರಸ್ಸಾದರೋ ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ರೋಗಶಕ್ತಿಯನ್ನು ಉಳಿಸಿಕೊಂಡಿರುತ್ತದೆ.

ನಿಗೋದಕ್ಕಿಂತ ಹತ್ತಿರದ ಹೋಲಿಕೆ ಅದೇ ಗ್ರಂಥದಲ್ಲಿದೆ. ಯೋನಿಭೂತವಾದ ಬೀಜದಲ್ಲಿ, ತಕ್ಕ ನಿಮಿತ್ತ ಒದಗಿದಾಗ, ಹಿಂದೆ ಅಲ್ಲಿದ್ದ ಜೀವವಾಗಲಿ ಬೇರೊಂದು ಜೀವವಾಗಲಿ ಬಂದು ಹುಟ್ಟುತ್ತದೆಂದು ಆಚಾರ್ಯರು ಹೇಳುತ್ತಾರೆ. ಎಂದರೆ, ಮೂಟೆಯಲ್ಲಿರುವ ಒಣಬೀಜವು ಜೀವವಿಲ್ಲದೆಯೂ ಜೀವಕ್ಕೆ ನೆಲೆಯಾಗಬಲ್ಲುದು. ಧಾನ್ಯದ ಮೂಟೆಗಳ ನಡುವೆ ಬೆಳೆದ ನನಗೆ ಈ ಮಾತು ಚೆನ್ನಾಗಿ ಹಿಡಿಸುತ್ತದೆ. ಆದರೆ ಬೀಜವು ಸಸ್ಯದ ಅಂಗ, ತನ್ನ ಅನ್ನವನ್ನು ತಾನೇ ಹೊತ್ತಿರುತ್ತದೆ. ವೈರಸ್ಸು ಅನ್ಯರ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆದುದರಿಂದ ಇದು ಹೋಲಿಕೆಯೇ ಹೊರತು ಸಿದ್ಧಾಂತವಲ್ಲ. ವೈರಸ್ಸುಗಳು ಆಗಮದಲ್ಲಿ ಮೊದಲೇ ಇದ್ದವೆಂದು ಬಸದಿಯ ಫಲಕಗಳಲ್ಲಿ ಬರೆಸಲು ಹೊರಟಿರುವ ಟ್ರಸ್ಟುಗಳವರು ಇದನ್ನು ದಯವಿಟ್ಟು ಗಮನಿಸಬೇಕು. ಆಚಾರ್ಯರು ಹೇಳದುದನ್ನು ಅವರ ಹೆಸರಿನಲ್ಲಿ ಹೇಳಿದರೆ ಸತ್ಯಾಣುವ್ರತಕ್ಕೆ ಭಂಗ ಬರುತ್ತದೆ.

ಸ್ಯಾನಿಟೈಸರಿನ ಪ್ರಶ್ನೆಗೆ ಮರಳುವುದಾದರೆ, ವೈರಸ್ಸನ್ನು ಅಜೀವವೆಂದು ಒಪ್ಪಿದರೂ ಶ್ರಾವಕರ ಲೆಕ್ಕ ಚುಕ್ತಾ ಆಗುವುದಿಲ್ಲ. ಅದೇ ಅಂಗೈಯ ಮೇಲೆ ಸಾಯುವ ಬ್ಯಾಕ್ಟೀರಿಯಗಳು ನಿಸ್ಸಂಶಯವಾಗಿ ಜೀವಗಳು. ಗೃಹಸ್ಥನಿಗೆ ಅದು ಅಡಿಗೆ, ಕಸಗುಡಿಸುವಿಕೆಗಳಂತೆ ಆರಂಭೀ ಹಿಂಸೆ, ಸಂಕಲ್ಪೀ ಹಿಂಸೆಯಲ್ಲ. ನಾವು ಕಾಸಿದ ನೀರು ಕುಡಿಯುವಾಗಲೂ ಇದೇ ಲೆಕ್ಕವನ್ನು ಬರೆದುಕೊಳ್ಳುತ್ತಾ ಬಂದಿದ್ದೇವೆ.