ಎಚ್‌ಐವಿ: ಲೆಕ್ಕಕ್ಕೆ ಸಿಗದ ನೋವು

‘ಎಚ್‌ಐವಿ ಈಗ ಶುಗರ್ ಇದ್ದ ಹಾಗೆ, ದಿನಕ್ಕೊಂದು ಮಾತ್ರೆ ನುಂಗಿದರಾಯಿತು’ ಎಂಬ ಮಾತು ವೈದ್ಯರ ಗೋಷ್ಠಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ವೈರಸ್ಸಿನ ಮಟ್ಟಿಗೆ ಇದು ನಿಜ. ಆದರೆ ಮಾತ್ರೆ ನುಂಗುವವರ ಮೈನೋವು, ಮನದ ಬೇಗುದಿಗಳ ಅಧ್ಯಯನ ನಡೆದುಬಂದ ದಾರಿ ನೋಡಿದರೆ ಈ ಸಮಾಧಾನ ಅವಸರದ್ದು.

1986ರಲ್ಲಿ ಚೆನ್ನೈನಲ್ಲಿ ವೈದ್ಯೆ ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಪ್ರಕರಣಗಳನ್ನು ಪತ್ತೆ ಮಾಡಿದಾಗ ಜೀವ ಉಳಿಸುವುದೇ ದೊಡ್ಡ ಪಾಡಾಗಿತ್ತು. ನೋವಿನ ಗಣನೆ ಶುರುವಾದದ್ದು ತಡವಾಗಿ. 1996ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ವಿಲಿಯಂ ಬ್ರೈಟ್‌ಬಾರ್ಟ್ ತಂಡ, ನೋವಿದ್ದ ಏಡ್ಸ್ ರೋಗಿಗಳಲ್ಲಿ ಸುಮಾರು ಶೇ 85 ಮಂದಿಗೆ ತಕ್ಕ ನೋವುನಿವಾರಕ ಸಿಗುತ್ತಿಲ್ಲವೆಂದು ತೋರಿಸಿತು. ಹೆಂಗಸರು, ಹೆಚ್ಚು ಓದದವರು, ಮಾದಕವಸ್ತು ಚುಚ್ಚಿಕೊಂಡವರ ಪಾಡು ಇನ್ನೂ ಕಡೆ. ಯಾರ ನೋವನ್ನು ನಂಬಬೇಕೆಂಬುದನ್ನೂ ಸಮಾಜವೇ ತೀರ್ಮಾನಿಸುತ್ತದೆ. ಅದೇ ಹೊತ್ತಿಗೆ ಸಂಯೋಜಿತ ಔಷಧಗಳು ಬಂದವು, ಎಲ್ಲರ ಕಣ್ಣೂ ರಕ್ತದಲ್ಲಿನ ವೈರಸ್ಸಿನ ಪ್ರಮಾಣದತ್ತ ಹೊರಳಿತು.

ನಮ್ಮಲ್ಲಿ ಮೈನೋವು, ಮನದ ಬೇಗುದಿ ಎರಡನ್ನೂ ಒಟ್ಟಿಗೆ ನೋಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಪ್ರಭಾ ಚಂದ್ರ, ವಿ. ರವಿ ಮತ್ತಿತರರು 1998ರಲ್ಲಿ ಪ್ರಕಟಿಸಿದ ಅಧ್ಯಯನ, ಸೋಂಕು ತಿಳಿದ ಕೆಲವೇ ವಾರಗಳಲ್ಲಿ ಜನರನ್ನು ಮಾತನಾಡಿಸಿತು. ಖಿನ್ನತೆ, ಆತಂಕಗಳ ಜೊತೆಗೆ ಹೆಣೆದುಕೊಂಡಿದ್ದವು ನಾಲ್ಕು: ಮೈನೋವು, ಕುಡಿತ, ಹದಗೆಟ್ಟ ಮನೆಯ ಸಂಬಂಧ, ಸಂಗಾತಿಗೂ ಏಡ್ಸ್. ಔಷಧಿಯೇ ಕೈಗೆಟುಕದ ಕಾಲದಲ್ಲಿ ರೋಗಿಯ ಎದುರು ಕೂತು ಕೇಳಿ ಕಂಡುಕೊಂಡ ಸತ್ಯ ಅದು. ಆಮೇಲೆ ಬಂದ ಎಷ್ಟೋ ದುಬಾರಿ ಪ್ರಶ್ನಾವಳಿಗಳು ಇದಕ್ಕಿಂತ ಹೆಚ್ಚೇನೂ ಹೇಳಿಲ್ಲ.

2004ರ ಏಪ್ರಿಲ್‌ನಲ್ಲಿ ಸರ್ಕಾರದ ಉಚಿತ ಎಆರ್‌ಟಿ (ವೈರಸ್ ತಡೆಯುವ ಔಷಧ ಚಿಕಿತ್ಸೆ) ಆರಂಭವಾಯಿತು. ಸಾವು ಹಿಂದೆ ಸರಿಯಿತು, ಅಂಗಾಲಿನ ಉರಿ ಮುಂದೆ ಬಂತು. ಆಗ ವ್ಯಾಪಕವಾಗಿ ಕೊಡುತ್ತಿದ್ದ ಸ್ಟಾವುಡಿನ್ ಅಗ್ಗದ ಮಾತ್ರೆ, ಆದರೆ ನರಗಳಿಗೆ ಕುತ್ತು. ವೈರಸ್ಸೂ ನರ ಕೆಡಿಸುತ್ತಿದ್ದುದರಿಂದ ಪೆಟ್ಟು ಎರಡು ಕಡೆಯಿಂದ. ‘ಕೆಂಡದ ಮೇಲೆ ಕಾಲಿಟ್ಟ ಹಾಗೆ’ ಎನ್ನುತ್ತಿದ್ದರು ರೋಗಿಗಳು. ರಾತ್ರಿ ಹೊದಿಕೆಯ ಅಂಚು ಪಾದಕ್ಕೆ ಸೋಕಿದರೂ ತಡೆಯದೆ, ಕಾಲನ್ನು ಹೊರಗಿಟ್ಟು ಬೆಳಗಿನವರೆಗೆ ಎದ್ದಿರುತ್ತಿದ್ದರು. ನಿದ್ದೆಗೆಟ್ಟವರಿಗೆ ಮನಸ್ಸು ಕೆಡಲು ಬೇರೆ ಕಾರಣ ಬೇಕೆ? ನಾವು ವೈದ್ಯರು ಅಮಿಟ್ರಿಪ್ಟಿಲಿನ್ ಮಾತ್ರೆ ಬರೆದುಕೊಡುತ್ತಿದ್ದೆವು, ಆದರೆ ಈ ಉರಿಗೆ ಅದು ಹುಸಿಮಾತ್ರೆಗಿಂತ ಮೇಲಲ್ಲವೆಂದು 1998ರಲ್ಲೇ ಅಮೆರಿಕದ ಪ್ರಯೋಗಗಳು ಹೇಳಿದ್ದವು. ಸ್ಟಾವುಡಿನ್ ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ. ನಂತರದ ಎಫಾವಿರೆಂಜ್ ಹಲವರಿಗೆ ಕೆಟ್ಟ ಕನಸು, ಮಂಕುತನ ತಂದಿತು. ಈಗಿನ ಡೊಲುಟೆಗ್ರಾವಿರ್ ವಾಸಿ. ಆದರೂ ಹಳೆಯ ಮಾತ್ರೆ ಸುಟ್ಟ ನರಗಳು ಅನೇಕರಲ್ಲಿ ಹಾಗೇ ಉಳಿದಿವೆ.

ಒಂದು ಒಳ್ಳೆಯ ಸುದ್ದಿ ಜಿಂಬಾಬ್ವೆಯದು. ಮನೋವೈದ್ಯ ಡಿಕ್ಸನ್ ಚಿಬಾಂಡಾ ಅಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಬಂದವರ ಕಷ್ಟ ಕೇಳಲು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂರಿಸಿದರು. ಇದರಿಂದ ಮನದ ಬೇಗುದಿ ತಗ್ಗುತ್ತದೆಂದು 2016ರ ಪ್ರಯೋಗ ತೋರಿಸಿತು. ಪಾಲ್ಗೊಂಡವರಲ್ಲಿ ಎಚ್‌ಐವಿ ಇದ್ದವರು ಬಹಳ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಕೌನ್ಸೆಲರುಗಳಿದ್ದಾರೆ; ಕೂತು ಕೇಳುವಷ್ಟು ಹೊತ್ತನ್ನು ಮಾತ್ರ ಅವರಿಗೆ ಕೊಟ್ಟಿಲ್ಲ.

ಸಂಶೋಧನೆಯೂ ಇಬ್ಭಾಗವಾಗಿದೆ: ನೋವು ನರವಿಭಾಗದ ಪಾಲು, ದುಗುಡ ಮನೋವೈದ್ಯರ ಪಾಲು. ಸೋಂಕಿನೊಡನೆ ಮುಪ್ಪಿಗೆ ಕಾಲಿಡುತ್ತಿರುವ ಹಳ್ಳಿಯ ವಿಧವೆಯರ ಬಗ್ಗೆ ಬರೆದವರು ಕಡಿಮೆ. ಎಆರ್‌ಟಿ ಕೇಂದ್ರದಲ್ಲಿ ತೂಕ ನೋಡುವಾಗಲೇ ‘ಎಲ್ಲಾದರೂ ನೋವಿದೆಯಾ? ನಿದ್ದೆ ಬರ್ತಿದೆಯಾ?’ ಎಂದು ಕೇಳಿ, ಉತ್ತರ ಬರೆದಿಡಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಬಜೆಟ್ಟೂ ಬೇಡ.