ಪಂಗತ್ ಮತ್ತು ಪಂಕ್ತಿ: ಬೀದರಿನ ಸಾಹಿಬ್ ಚಂದನಿಂದ ನಮ್ಮವರೆಗೆ



ಸಿಖ್ ಧರ್ಮ ಎಂದೊಡನೆ ನಮಗೆ ಪಂಜಾಬು, ಪೇಟ, ಅಮೃತಸರದ ಸ್ವರ್ಣಮಂದಿರ ನೆನಪಾಗುತ್ತವೆ. ಆ ಧರ್ಮದ ಚರಿತ್ರೆಯ ಬಹುಮುಖ್ಯ ದಿನವೊಂದರಲ್ಲಿ ನಮ್ಮ ಬೀದರಿನ ಒಬ್ಬನಿಗೂ ಪಾತ್ರವಿತ್ತು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಇಂದು ಅವನಿಂದಲೇ ಮಾತು ಆರಂಭಿಸುತ್ತೇನೆ.

1699ರ ವೈಸಾಖಿ ಹಬ್ಬ. ಪಂಜಾಬಿನ ಆನಂದಪುರದಲ್ಲಿ ದೊಡ್ಡ ಜನಸ್ತೋಮ ಸೇರಿತ್ತು. ಹತ್ತನೆಯ ಗುರು ಗೋಬಿಂದ್ ರಾಯ್ ಕತ್ತಿ ಹಿರಿದು ನಿಂತು, ಧರ್ಮಕ್ಕಾಗಿ ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಸಿಖ್ ಪರಂಪರೆ ಹೇಳುವಂತೆ, ಒಬ್ಬರಾದ ಮೇಲೊಬ್ಬರು ಐವರು ಎದ್ದು ಬಂದರು: ಲಾಹೋರಿನ ಖತ್ರಿ ದಯಾ ರಾಮ್, ಹಸ್ತಿನಾಪುರದ ಜಾಟ ಧರಮ್ ದಾಸ್, ಪುರಿಯ ನೀರು ಹೊರುವ ಕುಲದ ಹಿಮ್ಮತ್ ರಾಯ್, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಕುಲದ ಮೊಹಕಮ್ ಚಂದ್, ಬೀದರಿನ ಕ್ಷೌರಿಕ ಕುಲದ ಸಾಹಿಬ್ ಚಂದ್. ಇವರೇ ‘ಪಂಜ್ ಪ್ಯಾರೇ’, ಗುರುವಿನ ಪ್ರೀತಿಯ ಐವರು.

ಗುರುಗಳು ಕಬ್ಬಿಣದ ಬಟ್ಟಲಿನಲ್ಲಿ ನೀರು ಹಾಕಿ, ಸಕ್ಕರೆಯ ಬತಾಸು ಸೇರಿಸಿ, ಇಬ್ಬಾಯಿ ಖಡ್ಗದಿಂದ ಕಲಕಿದರು. ಆ ‘ಅಮೃತ’ವನ್ನು ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಒಬ್ಬರು ಮುಟ್ಟಿದ ನೀರನ್ನು ಇನ್ನೊಬ್ಬರು ಕುಡಿಯದ ಕಾಲ ಅದು. ಕುಲ ಸೂಚಿಸುವ ಹೆಸರುಗಳ ಜಾಗದಲ್ಲಿ ಗಂಡಸರಿಗೆಲ್ಲ ‘ಸಿಂಗ್’ ಎಂಬ ಒಂದೇ ಹೆಸರು ಬಂತು, ಹೆಂಗಸರಿಗೆ ‘ಕೌರ್’. ಅನಂತರ ಗುರುಗಳು ಆ ಐವರ ಮುಂದೆ ಕೈಮುಗಿದು, ನನಗೂ ಅಮೃತ ಕೊಡಿ ಎಂದು ಬೇಡಿದರು. ಅದನ್ನು ಪಡೆದ ಮೇಲೆ ಗೋಬಿಂದ್ ರಾಯ್ ಗುರು ಗೋಬಿಂದ್ ಸಿಂಗ್ ಆದರು. ಖಾಲ್ಸಾ ಹುಟ್ಟಿದ್ದು ಹೀಗೆ. ಪ್ರತಿವರ್ಷ ಏಪ್ರಿಲ್ 13 ಅಥವಾ 14ರಂದು ಸಿಖ್ಖರು ವೈಸಾಖಿ ಆಚರಿಸುವಾಗ ನೆನೆಯುವುದು ಇದನ್ನೇ. ಬೀದರಿನ ಸಾಹಿಬ್ ಸಿಂಗ್ ಮುಂದೆ ಚಮಕೌರ್ ಕದನದಲ್ಲಿ ಪ್ರಾಣ ಕೊಟ್ಟ.

ಬೀದರಿಗೂ ಸಿಖ್ಖರಿಗೂ ಇನ್ನೂ ಹಳೆಯ ನಂಟಿದೆ. ಮೊದಲ ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಅಲ್ಲಿಗೆ ಬಂದರು, ನೀರಿಲ್ಲದೆ ಕಂಗೆಟ್ಟ ಜನರಿಗಾಗಿ ಕಲ್ಲು ಸರಿಸಿ ಸಿಹಿನೀರಿನ ಒರತೆ ಹರಿಸಿದರು ಎಂಬುದು ನಂಬಿಕೆ. ಆ ಒರತೆಯ ಬಳಿಯೇ ನಾನಕ್ ಝೀರಾ ಗುರುದ್ವಾರವಿದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಜಾತಿಭೇದವನ್ನು ಪ್ರಶ್ನಿಸಿದ ಕಲ್ಯಾಣವೂ ಇಂದು ಅದೇ ಜಿಲ್ಲೆಯಲ್ಲಿದೆ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಒಂದೇ ಪ್ರಶ್ನೆ ಎರಡು ಕಾಲದಲ್ಲಿ ಎದ್ದಿತು, ಅಷ್ಟೆ.

ಸಿಖ್ಖರು ಈ ಸಮಾನತೆಯನ್ನು ಉಪದೇಶಕ್ಕೆ ಬಿಡಲಿಲ್ಲ, ಊಟಕ್ಕೆ ಕಟ್ಟಿಹಾಕಿದರು. ನಾನಕರ ಕಾಲದಿಂದ ಬಂದ ಲಂಗರಿಗೆ, ಅಂದರೆ ಎಲ್ಲರಿಗೂ ತೆರೆದ ಅಡುಗೆಮನೆಗೆ, ಮೂರನೆಯ ಗುರು ಅಮರ್ ದಾಸರು ಒಂದು ಕಟ್ಟುನಿಟ್ಟು ತಂದರು: ಗುರುವನ್ನು ಕಾಣುವ ಮೊದಲು ಎಲ್ಲರೊಡನೆ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣಬೇಕು. ಅಕ್ಬರ್ ಬಾದಶಹನೂ ಹಾಗೆ ಕುಳಿತು ಉಂಡನೆಂಬ ಕಥೆಯಿದೆ. ಆ ಸಾಲಿಗೆ ಅವರು ‘ಪಂಗತ್’ ಎನ್ನುತ್ತಾರೆ. ಅದು ನಮ್ಮ ‘ಪಂಕ್ತಿ’ಯೇ. ನಮ್ಮಲ್ಲಿ ಆ ಮಾತಿನ ಬೆನ್ನಿಗೆ ‘ಭೇದ’ ಅಂಟಿಕೊಂಡು ‘ಪಂಕ್ತಿಭೇದ’ವಾಯಿತು. ಅವರಲ್ಲಿ ಅದೇ ಪದ ಭೇದವನ್ನು ಅಳಿಸುವ ಜಾಗದ ಹೆಸರಾಯಿತು.

ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. 1920ರ ಅಕ್ಟೋಬರ್ 12ರಂದು, ಆಗತಾನೆ ಅಮೃತ ಪಡೆದಿದ್ದ ದಲಿತ ಸಿಖ್ಖರು ಸ್ವರ್ಣಮಂದಿರಕ್ಕೆ ಕಡಾ ಪ್ರಸಾದ ತಂದರು. ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಪ್ರಸಾದ ಅದು. ಪೂಜಾರಿಗಳು ಅದನ್ನು ಮುಟ್ಟಲು ಒಪ್ಪಲಿಲ್ಲ. ವಾದ ಬೆಳೆಯಿತು. ಕೊನೆಗೆ ಗುರು ಗ್ರಂಥ ಸಾಹಿಬನ್ನೇ ತೆರೆದು ಅದರ ಅಪ್ಪಣೆ ಕೇಳುವುದೆಂದು ಎರಡೂ ಕಡೆಯವರು ಒಪ್ಪಿದರು. ತೆರೆದ ಪುಟದ ಮಾತು ಪ್ರಸಾದ ತಂದವರ ಪರವಾಗಿತ್ತು, ಪ್ರಸಾದ ಸ್ವೀಕಾರವಾಯಿತು. ಎದುರಿನ ಅಕಾಲ್ ತಖ್ತಿನ ಪೂಜಾರಿಗಳು ಜಾಗ ಬಿಟ್ಟು ಹೋದಾಗ ಸುಧಾರಕರು ಅದರ ಹೊಣೆ ಹೊತ್ತರು. ಮರುತಿಂಗಳೇ ಗುರುದ್ವಾರಗಳ ಆಡಳಿತಕ್ಕೆ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ರೂಪುಗೊಂಡಿತು. ಹೋರಾಟ ಮುಂದುವರಿದು 1925ರಲ್ಲಿ ಗುರುದ್ವಾರ ಕಾಯ್ದೆಯಾಯಿತು. ಗಮನಿಸಿ: ಆನಂದಪುರದ ಬಟ್ಟಲಿಗೂ ಈ ಜಗಳಕ್ಕೂ ನಡುವೆ ಇನ್ನೂರಿಪ್ಪತ್ತೊಂದು ವರ್ಷ. ಜಾತಿ ಅಷ್ಟು ಕಾಲ ಕಾದು ಗುಡಿಯೊಳಕ್ಕೇ ಬಂದು ಕುಳಿತಿತ್ತು. ಇಂದಿಗೂ ಜಾತಿಯ ಹೆಸರಿನಲ್ಲಿ ಕಟ್ಟಿದ ಗುರುದ್ವಾರಗಳು ಬ್ರಿಟನ್ನಿನಲ್ಲೂ ಇವೆ. ಜಾತಿಗೆ ವೀಸಾ ಬೇಕಿಲ್ಲ.

ಆದರೆ ಆ ಸಾಲಿನ ಊಟವೂ ಅವರೊಡನೆ ಕಡಲು ದಾಟಿತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಸಿಖ್ಖರು 1912ರಲ್ಲಿ ಸ್ಟಾಕ್‌ಟನ್ನಿನಲ್ಲಿ ಗುರುದ್ವಾರ ಆರಂಭಿಸಿದರು. ಶತಮಾನದ ಬಳಿಕ, 2012ರಲ್ಲಿ, ದುಬೈಯ ಜೆಬೆಲ್ ಅಲಿಯಲ್ಲಿ ಗುರುದ್ವಾರ ತೆರೆಯಿತು. ಅಲ್ಲಿಗೆ ಹೋದವರನ್ನು ಯಾರೂ ಧರ್ಮ, ಸಂಬಳ, ಹುದ್ದೆ ಕೇಳುವುದಿಲ್ಲ. ಕಂಪನಿಯ ಮಾಲೀಕನೂ ಅವನ ಕಾರು ಓಡಿಸುವವನೂ ಒಂದೇ ಚಾಪೆಯ ಮೇಲೆ ಕುಳಿತು ರೊಟ್ಟಿಗೆ ಎರಡೂ ಕೈ ಒಡ್ಡಬೇಕು.

ನಮ್ಮ ಸಂಘಗಳ ಹಬ್ಬದೂಟವನ್ನು ಈ ಕನ್ನಡಿಯಲ್ಲಿ ನೋಡಿಕೊಳ್ಳೋಣ. ಪ್ರಾಯೋಜಕರಿಗೆ ಮುಂದಿನ ಸಾಲು, ಗಣ್ಯರಿಗೆ ಬೇರೆ ಕೋಣೆ, ಕ್ಯಾಂಪಿನಿಂದ ಬಸ್ಸು ಹಿಡಿದು ಬಂದ ಹುಡುಗನಿಗೆ ಕೊನೆಯ ಪಂಕ್ತಿ: ಇದು ಎಲ್ಲಾದರೂ ನಡೆಯುತ್ತಿದ್ದರೆ ಬೀದರಿನ ಸಾಹಿಬ್ ಚಂದನ ಹೆಸರು ಹೇಳಿ ಹೆಮ್ಮೆಪಡುವ ಹಕ್ಕು ನಮಗಿರುವುದಿಲ್ಲ. ಮುಂದಿನ ರಾಜ್ಯೋತ್ಸವದಲ್ಲಿ ಅಧ್ಯಕ್ಷರೂ ಪದಾಧಿಕಾರಿಗಳೂ ಸೌಟು ಹಿಡಿದು ಬಡಿಸಲಿ, ಆಮೇಲೆ ಎಲ್ಲರ ನಡುವೆ ಕುಳಿತು ಉಣ್ಣಲಿ. ಇದಕ್ಕೆ ಠರಾವು ಬೇಡ, ಖರ್ಚೂ ಇಲ್ಲ. ಶಿಷ್ಯರ ಮುಂದೆ ಕೈಯೊಡ್ಡಲು ಗುರುವೇ ಹಿಂಜರಿಯಲಿಲ್ಲ; ನಮಗೇಕೆ ಹಿಂಜರಿಕೆ?